ಗಾಳಿ ತೆಗೆದ ಚೀಲ

ಪ್ಲಾಸ್ಟಿಕ್ ಬೆಸೆದಿತೋ ಸುಟ್ಟಿತೋ ಅನ್ನೋದನ್ನ ನಾನು ಕಣ್ಣಿಂದ ನೋಡುವುದಿಲ್ಲ, ಮೂಗಿಂದ ಹೇಳುತ್ತೇನೆ. ಬೆಸೆದರೆ ಮೇಣದ ವಾಸನೆ. ಸುಟ್ಟರೆ ಗಂಟಲಿಗೇ ಹತ್ತುವ ಘಾಟು. ದಾವಣಗೆರೆಯ ಮಂಡಕ್ಕಿ ಭಟ್ಟಿಗಳ ಮಗ್ಗುಲಲ್ಲೇ ನನ್ನ ಮನೆ. ಮದುವೆಯಾಗಿ ಬಂದಾಗಿನಿಂದ ಮಂಡಕ್ಕಿ ಪಾಕೀಟಿಗೆ ಸೀಲ್ ಹೊಡೆದವಳು ನಾನು. ಗಂಡ ಇದ್ದಾಗಲೂ ಹೊಡೆದೆ, ಹೋದ ಮೇಲೂ ಹೊಡೆದೆ. ಮೊದಲು ಮೇಣದಬತ್ತಿ ಮತ್ತು ಗರಗಸದ ಬ್ಲೇಡು: ಕವರಿನ ಬಾಯಿ ಬ್ಲೇಡಿನ ಮೇಲೆ ಮಡಚಿ, ಉರಿಯ ಅಂಚಿಗೆ ಹಿಡಿದು ಸರ್ರನೆ ಎಳೆದರೆ ಮುಗೀತು. ಆಮೇಲೆ ಕರೆಂಟಿನ ಮಿಷನ್ನು ಬಂತು. ಮೂರನೇ ಕ್ಲಾಸಿಗೆ ಶಾಲೆ ಬಿಟ್ಟವಳಿಗೆ ನೆರಳಲ್ಲಿ ಕೂತು ಮಾಡುವ ಕೆಲಸ ಸಿಕ್ಕಿದ್ದೇ ದೊಡ್ಡದು.

ಈ ಕೈಯಿಂದ ಒಂದು ದಿನ ಬಡಗಿ ಶೆಡ್ಡಿನಲ್ಲಿ ಆಳುದ್ದದ ಚೀಲ ಬೆಸೆಯುತ್ತೇನೆ ಅಂತ ಮಾತ್ರ ಕನಸಲ್ಲೂ ಎಣಿಸಿರಲಿಲ್ಲ.

ಫೋನು ಮಾಡಿದವಳು ಸೊಸೆ. ಮಗ, ಸೊಸೆ ಇಬ್ಬರೂ ಇರೋದು ಹರಿಹರದಲ್ಲಿ. ಮಗನದು ಬಡಗಿ ಕೆಲಸ, ರೈಲ್ವೆ ಗೇಟಿನ ಆಚೆ ಒಂದು ತಗಡಿನ ಶೆಡ್ಡು. ಸೊಸೆ ಅಲ್ಲೇ ಮರಕ್ಕೆ ಉಪ್ಪುಕಾಗದ ತಿಕ್ಕುವುದು, ಪಾಲಿಶ್ ಹಚ್ಚುವುದು ಮಾಡಿಕೊಂಡಿದ್ದಳು. ನನಗೂ ಅವಳಿಗೂ ಅಷ್ಟಕ್ಕಷ್ಟೆ. ಸಾರಿಗೆ ಬೆಲ್ಲ ಹಾಕುವ ಮನೆಯಿಂದ ಬಂದವಳು, ಎಷ್ಟು ಹೇಳಿದರೂ ಬಿಡಲಿಲ್ಲ.

"ಅತ್ತಿ, ನೀವು ಮಂಡಕ್ಕಿ ಪಾಕೀಟಿಗೆ ಸೀಲ್ ಹೊಡಿತಿದ್ರಲ್ಲ, ದೊಡ್ಡ ಚೀಲಕ್ಕೆ ಹೊಡಿಯಾಕೆ ಬರ್ತೈತಾ?"

"ಎಷ್ಟು ದೊಡ್ಡದು?"

"ನಾನು ನೀವು ಇಬ್ರೂ ಒಳಗೆ ಮಲಗೋವಷ್ಟು."

"ನಿನ್ನ ಜೊತಿ ಒಂದೇ ಚೀಲದಾಗೆ ಮಲಗಾಕೆ ನನಗೇನು ಗ್ರಹಚಾರ ಬಂದೈತೆ?"

ಅವಳು ನಗಲಿಲ್ಲ. "ಬರ್ರಿ ಅತ್ತಿ. ಮನೇಲಿ ಜಗಳ ಆಗೈತೆ" ಅಂದಳು.

ಜಗಳ ಅಂದ ಮೇಲೆ ನಾನು ಮನೆಯಲ್ಲಿ ಕೂರುವವಳಲ್ಲ. ಈಗ ಹೆಂಗಸರಿಗೆ ಬಸ್ಸು ಪುಕ್ಕಟೆ ಬೇರೆ. ಬೆಳಗಿನ ರೊಟ್ಟಿ ಕಟ್ಟಿಕೊಂಡು ಹೊರಟು ಬಿಸಿಲು ಏರುವುದರೊಳಗೆ ಹರಿಹರದ ಶೆಡ್ಡಿನ ಮುಂದೆ ನಿಂತಿದ್ದೆ.

ಜಗಳದ ಬುಡ ಒಂದು ಉಯ್ಯಾಲೆ. ದಾವಣಗೆರೆಯ ಒಬ್ಬ ಸಾಹುಕಾರ್ತಿ ಮನೆಯಲ್ಲಿ ಹಳೇ ಬೀಟೆಮರದ ಪೆಟ್ಟಿಗೆ ಇತ್ತಂತೆ. ಗೆದ್ದಲು ಹತ್ತಿ ಅರ್ಧ ಮಣ್ಣಾಗಿತ್ತು. ಉಳಿದ ಹಲಗೆಯನ್ನು ಆಕೆ ಸಾಮಿಲ್ಲಿನಲ್ಲಿ ಹಪ್ಪಳದಷ್ಟು ತೆಳ್ಳಗೆ ಹಾಳೆಹಾಳೆಯಾಗಿ ಸೀಳಿಸಿದ್ದಳು. ಆ ಹಾಳೆಗಳನ್ನು ಅಂಟಿಸಿ ಉಯ್ಯಾಲೆಗೆ ಬಾಗಿದ ಬೆನ್ನು ಮಾಡಿಕೊಡಿ ಅಂತ ಶೆಡ್ಡಿಗೆ ಬಂದಿದ್ದಾಳೆ. ಮಗ ಆವತ್ತು ಮಲೆಬೆನ್ನೂರಿಗೆ ಬಾಗಿಲು ಕೂರಿಸಲು ಹೋಗಿದ್ದ. ಸೊಸೆ ಆಗಲಿ ಅಂದುಬಿಟ್ಟಿದ್ದಾಳೆ.

ಮಗ ಬಾಗಿದ ಕೆಲಸ ಒಪ್ಪುತ್ತಲೇ ಇರಲಿಲ್ಲ. ಹಿಂದೊಮ್ಮೆ ಬಾಗಿದ ಬಾಗಿಲಿಗೆ ಮರದ ಹಾಳೆ ಅಂಟಿಸಿ, ಮೇಲೆ ಮರಳಿನ ಚೀಲ ಹೇರಿ ಒಣಗಿಸಿದ್ದ. ಎರಡು ತಿಂಗಳಿಗೆ ಅದು ನಡುವೆ ಪೂರಿ ಉಬ್ಬಿದ ಹಾಗೆ ಉಬ್ಬಿ, ಮನೆಯವರು ಬಾಗಿಲನ್ನೇ ತಂದು ಶೆಡ್ಡಿನ ಮುಂದೆ ಒರಗಿಸಿ ಹೋಗಿದ್ದರು. ಆ ಬಾಗಿಲು ಅಲ್ಲೇ ಇತ್ತು, ಮಳೆ ಬಿಸಿಲಿಗೆ. ನಾನು ಹೋದಾಗ ಅದರ ಮುಂದೆಯೇ ನಿಂತು ಗಂಡ ಹೆಂಡತಿ ಕಾದಾಡುತ್ತಿದ್ದರು.

"ಇದನ್ನ ನೋಡಿ ನೋಡಿ ಒಪ್ಕೊಂಡಿಯಲ್ಲ! ಅದು ಬೀಟೆ. ಕೆಟ್ರೆ ಎಲ್ಲಿಂದ ತರ್ತೀಯ, ನಿಮ್ಮಪ್ಪನ ಮನಿಯಿಂದ?"

"ಮರಳು ಒಂದ್ಕಡೆ ಒತ್ತತೈತೆ, ಒಂದ್ಕಡೆ ಬಿಡ್ತೈತೆ. ಗಾಳಿ ಹಂಗಲ್ರಿ. ಎಲ್ಲಾ ಕಡೆ ಒಂದೇ ಸಮ ಒತ್ತತೈತೆ."

"ಗಾಳಿಯಂತೆ! ಫೋನ್ ನೋಡಿ ಬಡಿಗ್ಯಾರಾಗ್ತಾರಂತೆ." ನನ್ನ ಕಡೆ ತಿರುಗಿದ. "ಯವ್ವ, ನೀನೂ ಬಂದ್ಯಾ? ಸರಿಹೋಯ್ತು. ಇನ್ನ ಊರೆಲ್ಲಾ ಕರ್ಕೊಂಡು ಬರ್ರಿ."

"ನಾನು ಮಜಾ ನೋಡಾಕೆ ಬಂದೀನಿ. ನಿಮ್ಮ ಜಗಳ ನಡಸ್ರಿ" ಅಂದೆ.

ಅವನು ಹೆಂಡತಿಯ ಕಡೆ ಬೆರಳು ಮಾಡಿ ಹೇಳಿದ: "ನೀನು ಒಪ್ಪಿದ್ದು, ನೀನೇ ಮಾಡು. ನಾನು ಮುಟ್ಟಲ್ಲ. ಕೆಟ್ಟಿತೋ, ಈ ಶೆಡ್ಡಿಗೆ ಕಾಲಿಡಬ್ಯಾಡ."

"ಕೆಡದಿದ್ರೆ?"

"ಕೆಡದಿದ್ರೆ ನೋಡಾಣ."

"ನೋಡಾಣ ಅಲ್ಲ. ಕೆಡದಿದ್ರೆ ಈ ಶೆಡ್ಡಿನಾಗೆ ನಂದೊಂದು ಬೆಂಚು ಬೇಕು. ತಿಕ್ಕಾಕೆ ಅಲ್ಲ, ಕೊಯ್ಯಾಕೆ, ಕೂಡಿಸಾಕೆ. ನನ್ನ ಕೆಲಸ ನಾನು ಒಪ್ಕೊಳಾಕೆ."

ಮಗ ನನ್ನ ಕಡೆ ನೋಡಿದ. ನನ್ನ ಮುಂದೆ ಇಲ್ಲ ಅನ್ನಲು ಆಗಲಿಲ್ಲವೋ, ಹೇಗೂ ಕೆಡುತ್ತದೆ ಅಂದುಕೊಂಡನೋ, "ಆಗ್ಲಿ ಹೋಗು" ಅಂದ.

ನಿಜ ಹೇಳುತ್ತೇನೆ, ಆ ಗಳಿಗೆಯಲ್ಲಿ ನನಗೆ ಸೊಸೆಯ ಬೆಂಚಿನ ಚಿಂತೆ ಇರಲಿಲ್ಲ. ಆಳುದ್ದದ ಚೀಲದ ಚಿಂತೆ ಹತ್ತಿತ್ತು. ಅಷ್ಟು ದೊಡ್ಡದನ್ನು ಗಾಳಿ ಹೋಗದ ಹಾಗೆ ಬೆಸೆಯಬಹುದಾ? ಕೈ ಜುಮುಜುಮು ಅನ್ನತೊಡಗಿತು.

ಸೊಸೆ ಫೋನಿನಲ್ಲಿ ಯಾವನೋ ಬಿಳಿಯ ಮಾಡುವುದನ್ನು ತೋರಿಸಿದಳು. ಬಾಗಿದ ಅಚ್ಚಿನ ಮೇಲೆ ತೆಳು ಪ್ಲೈವುಡ್ಡು, ಅದಕ್ಕೆ ಗಮ್ಮು, ಮೇಲೆ ಮರದ ಹಾಳೆ. ಎಲ್ಲವನ್ನೂ ಚೀಲದೊಳಗೆ ತೂರಿಸಿ, ಬಾಯಿ ಕಟ್ಟಿ, ಒಳಗಿನ ಗಾಳಿ ಎಳೆಯುತ್ತಾನೆ. ಚೀಲ ಮುದುಡಿ ಮರಕ್ಕೆ ಕಚ್ಚಿಕೊಳ್ಳುತ್ತದೆ. ಹಾಗೇ ಒಣಗಬೇಕು.

"ಬರೇ ಗಾಳಿ ಅಷ್ಟು ಒತ್ತತೈತೇನೆ? ಹಂಗಿದ್ರೆ ನಾನ್ಯಾಕ ಇನ್ನೂ ಚಪ್ಪಟೆ ಆಗಿಲ್ಲ?"

"ನಿಮ್ಮೊಳಗೂ ಗಾಳಿ ಐತಲ್ರಿ ಅತ್ತಿ. ಬಾಳ ಐತೆ."

ಬಾಯಿ ಜೋರು ಹುಡುಗಿದು. ಆದರೆ ಮಾತು ಸರಿಯಾಗಿಯೇ ಇತ್ತು.

ಮಾರನೇ ದಿನ ದಾವಣಗೆರೆಯ ಪೇಟೆಯಲ್ಲಿ ಪ್ಲಾಸ್ಟಿಕ್ ಅಂಗಡಿಗೆ ಹೋದೆವು. ಭತ್ತ ಒಣಗಿಸಲು, ಹೊಂಡಕ್ಕೆ ಹಾಸಲು ಮಾರುವ ದಪ್ಪ ಹಾಳೆಯ ಸುರುಳಿಗಳನ್ನು ಅಂಗಡಿಯವನು ಉರುಳಿಸಿದ. ಸೊಸೆಗೆ ಕರೀದು ಬೇಡ, ನೀಲಿ ಬೇಡ, ಒಳಗೆ ಏನಾಗುತ್ತಿದೆ ಕಾಣಬೇಕು.

"ಏನಕ್ಕಜ್ಜಿ, ಕಣಕ್ಕಾ, ಹೊಂಡಕ್ಕಾ?"

"ಉಯ್ಯಾಲಿಗೆ" ಅಂದೆ. ಅವನು ಮುಂದೆ ಕೇಳಲಿಲ್ಲ.

ಆಚೆ ಕಾಣುವ ಬಿಳಿ ಹಾಳೆಯನ್ನು ಅಂಗಡಿ ಮುಂದೆ ಬಿಸಿಲಿಗೆ ಹಿಡಿಸಿ, ತೂತಿದೆಯಾ ಅಂತ ಗೇಣುಗೇಣು ನೋಡಿದೆ. ಹಿಂದೆ ನಿಂತ ಗಿರಾಕಿಗಳು ಗೊಣಗಿದರು. ಗೊಣಗಲಿ. ಸೀರೆ ತಗೊಳ್ಳುವಾಗ ಹೆಂಗಸರು ಅಂಗಡಿಯನ್ನೇ ಬಿಚ್ಚಿಸಿದರೆ ಯಾರೂ ಕೇಳುವುದಿಲ್ಲ, ಪ್ಲಾಸ್ಟಿಕ್ ನೋಡಿದರೆ ತಪ್ಪು.

ಮಂಡಕ್ಕಿ ಮಿಷನ್ನು ಗೇಣಗಲದ ಬಾಯಿಗೆ ಸರಿ, ಇದಕ್ಕೆ ಆಗೋದಿಲ್ಲ. ಇಸ್ತ್ರಿ ಪೆಟ್ಟಿಗೆಯಿಂದ ಬೆಸೆಯುವುದು ಅಂತ ನಿಶ್ಚಯ ಮಾಡಿದೆ. ಮೊದಲು ತುಂಡುಗಳ ಮೇಲೆ ಕೈ ಕೂರಿಸಿಕೊಳ್ಳಬೇಕಿತ್ತು. ಕೆಳಗೆ ಉದ್ದ ಪಟ್ಟಿ, ಪಟ್ಟಿಯ ಮೇಲೆ ಹಳೇ ಸೀರೆಯ ಮಡಿಕೆ, ಎರಡು ಹಾಳೆ ಜೋಡಿಸಿ ಮೇಲೆ ಬೆಣ್ಣೆಕಾಗದ, ಅದರ ಮೇಲೆ ಇಸ್ತ್ರಿ. ಕಾಗದ ಇಲ್ಲದಿದ್ದರೆ ಇಸ್ತ್ರಿಗೇ ಪ್ಲಾಸ್ಟಿಕ್ ಮೆತ್ತಿಕೊಳ್ಳುತ್ತದೆ. ಕಾವು ಕಡಿಮೆಯಾದರೆ ಈರುಳ್ಳಿ ಸಿಪ್ಪೆ ಬಿಟ್ಟ ಹಾಗೆ ಬಿಟ್ಟುಕೊಳ್ಳುತ್ತದೆ. ಹೆಚ್ಚಾದರೆ ಸುಕ್ಕುಗಟ್ಟಿ ತೂತು. ಬೆಸೆದ ತಕ್ಷಣ ಎಳೆಯಬಾರದು, ಒದ್ದೆ ಬಟ್ಟೆ ಒತ್ತಿ ಆರಿಸಬೇಕು. ಸೊಸೆಗೆ ಇದನ್ನೆಲ್ಲ ಹೇಳುತ್ತಾ ಹೋದೆ, ಅವಳೂ ಸುಮ್ಮನೆ ಕೇಳುತ್ತಾ ಹೋದಳು. ಸಾರಿನ ವಿಷಯದಲ್ಲಿ ಹೀಗೆ ಕೇಳಿದ್ದರೆ!

ಮೂಗಿಗೆ ಮೇಣದ ವಾಸನೆ ಬಂತು. ಒದ್ದೆ ಬಟ್ಟೆ ಒತ್ತಿ ಆರಿಸಿದೆ. "ಬಂತು, ಈಗ ಎಳಿ ನೋಡಾಣ" ಅಂದೆ. ಸೊಸೆ ಒಂದು ಕಡೆ, ನಾನು ಒಂದು ಕಡೆ ಹಗ್ಗ ಜಗ್ಗಿದ ಹಾಗೆ ಜಗ್ಗಿದೆವು. ಪಕ್ಕದ ಹಾಳೆ ಹಿಗ್ಗಿತು, ಸೀಲ್ ಬಿಡಲಿಲ್ಲ. ನಾನು ಕೂಗಿಯೇಬಿಟ್ಟೆ.

ಗಾಳಿ ಎಳೆಯಲು ಸೊಸೆ ಗುಜರಿ ಅಂಗಡಿಯಿಂದ ಹಳೇ ಫ್ರಿಜ್ಜಿನ ಮೋಟಾರು ತಂದಿದ್ದಳು. ಕರೀ ಕುಂಬಳಕಾಯಿ ಹಾಗಿತ್ತು. ಒಂದು ಮೂತಿಯಲ್ಲಿ ಹೀರುತ್ತದೆ, ಇನ್ನೊಂದರಲ್ಲಿ ಊದುತ್ತದೆ. ಹೀರುವ ಮೂತಿಗೆ ದಪ್ಪನೆ ಪೈಪು. ಮೊದಲು ದಿಂಬಿನಷ್ಟು ಸಣ್ಣ ಚೀಲ ಮಾಡಿಕೊಟ್ಟೆ. ಅದು ಇನ್ನೂ ಬಿಸಿ ಇರುವಾಗಲೇ ನನ್ನ ಕೈಯಿಂದ ಕಿತ್ತುಕೊಂಡಳು, ಅಷ್ಟು ಅವಸರ. ಒಳಗೆ ಏನಿಡೋಣ ಅಂತ ಸುತ್ತ ನೋಡಿದಳು. ನಾನು ಊರಿಂದ ತಂದಿದ್ದ ಮಂಡಕ್ಕಿ ಕಂಡಿತು. ಸುರಿದಳು. ಮೋಟಾರು ಹಾಕಿದಳು.

ಅಬ್ಬಾ! ಉಬ್ಬಿದ್ದ ಚೀಲ ಕ್ಷಣದಲ್ಲಿ ಮುದುಡಿತು. ಒಳಗೆ ಮಂಡಕ್ಕಿ ಕರಕರ ಅಂತ ಸದ್ದು ಮಾಡಿ ಒಂದಕ್ಕೊಂದು ಕಚ್ಚಿಕೊಂಡು ಬಿಗಿಯಾಯಿತು. ಎತ್ತಿ ನೋಡಿದರೆ ಇಟ್ಟಿಗೆ! ನೆಟ್ಟಗೆ ನಿಲ್ಲಿಸಿದರೆ ನಿಲ್ಲುತ್ತದೆ, ಗೋಡೆಗೆ ಬಡಿದರೆ ಟಣ್ ಅನ್ನುತ್ತದೆ. ಊರಲ್ಲಿ ಗಾಳಿ ಬಂದರೆ ಹಾರಿಹೋಗುವ ಮಂಡಕ್ಕಿ ಇದು. ಜೀವಮಾನವೆಲ್ಲ ಮಂಡಕ್ಕಿ ಮುರಿಯದಿರಲಿ ಅಂತ ಪಾಕೀಟಿನಲ್ಲಿ ಗಾಳಿ ಬಿಟ್ಟು ಸೀಲ್ ಹೊಡೆದವಳು ನಾನು. ಗಾಳಿ ತೆಗೆದರೆ ಹೀಗಾಗುತ್ತದೆ ಅಂತ ಯಾರು ಕಂಡಿದ್ದರು? ಎದುರು ಅಂಗಡಿಯವರು, ಪಕ್ಕದ ಮನೆಯವರು ಬಂದು ಇಟ್ಟಿಗೆ ಮುಟ್ಟಿ ಮುಟ್ಟಿ ನೋಡಿದರು.

ಮಗ ದೂರದಿಂದ ನೋಡಿದ. "ಮಂಡಕ್ಕಿ ಬ್ಯಾರೆ, ಮರ ಬ್ಯಾರೆ" ಅಂದು ಗರಗಸ ಹಿಡಿದ. ಆದರೆ ನಾವು ಆಚೆ ಹೋದಾಗ ಅವನೂ ಅದನ್ನು ಎತ್ತಿ ಬಡಿದು ನೋಡಿದ್ದು ನನಗೆ ಕಿಟಕಿಯಿಂದ ಕಂಡಿತು.

ಇನ್ನು ದೊಡ್ಡ ಚೀಲ. ಹಾಳೆ ಮಡಚಿ ಒಂದು ಮಗ್ಗುಲು ಮತ್ತು ಒಂದು ತುದಿ ಬೆಸೆದೆ, ಪಕ್ಕಪಕ್ಕದಲ್ಲೇ ಎರಡೆರಡು ಸಾಲು. ಇನ್ನೊಂದು ತುದಿ ಬಾಯಿ. ಬಾಯಿಯನ್ನು ಸಣ್ಣ ಪೈಪಿಗೆ ಸುತ್ತಿ, ಅದರ ಮೇಲೆ ಉದ್ದಕ್ಕೆ ಸೀಳಿದ ದೊಡ್ಡ ಪೈಪು ಕಚ್ಚಿಸುವುದು ಸೊಸೆಯ ಉಪಾಯ. ಗಾಳಿ ಎಳೆಯುವ ಪೈಪು ಒಳಗೆ ಹೋಗಲು ನೀರಿನ ಟ್ಯಾಂಕಿಗೆ ಹಾಕುವ ನಿಪ್ಪಲ್ಲನ್ನು ರಬ್ಬರ್ ವಾಸರ್ ಸಮೇತ ಬಿಗಿದಳು. ಉಯ್ಯಾಲೆ ಬೆನ್ನಿನ ಬಾಗಿಗೆ ಸೊಸೆ ಮಾಡಿಟ್ಟಿದ್ದ ಮರದ ಅಚ್ಚನ್ನು ಒಳಗೆ ತೂರಿಸಿ ಮೋಟಾರು ಹಾಕಿದೆವು. ಚೀಲ ಮುದುಡಿತು. ಸೊಸೆ ಕೈ ತಟ್ಟಿದಳು. ಮೋಟಾರು ನಿಲ್ಲಿಸಿದಳು. ನೋಡನೋಡುತ್ತಿದ್ದ ಹಾಗೆ ಚೀಲ ಮತ್ತೆ ಸಡಿಲ!

ನಿಪ್ಪಲ್ಲು ಬಿಗಿದಳು. ಮತ್ತೆ ಸಡಿಲ. ಬಾಯಿ ಬಿಚ್ಚಿ ಸುತ್ತಿದಳು. ಮತ್ತೆ ಸಡಿಲ. ನಾನು ಇನ್ನೊಂದು ಚೀಲ ಬೆಸೆದೆ, ಈ ಸಲ ಮೂರು ಸಾಲು. ಅದೂ ಹಾಗೇ. ಸಣ್ಣದು ಹಿಡಿದಿತ್ತು, ದೊಡ್ಡದು ಯಾಕೆ ಹಿಡಿಯುವುದಿಲ್ಲ? ನನಗೆ ಸಿಟ್ಟು ನೆತ್ತಿಗೇರಿತು.

"ಹೇಳಿದ್ನಲ್ಲ" ಅಂತ ಮಗ ಒಳಗಿಂದ ಕೂಗಿದ. "ಪ್ಲಾಸ್ಟಿಕ್ ನಂಬ್ಕೊಂಡು ಬೀಟಿ ಹಾಳು ಮಾಡ್ಬ್ಯಾಡ್ರಿ. ಸಾಹುಕಾರ್ತಿಗೆ ವಾಪಸ್ ಕೊಟ್ಟು ಕೈ ಮುಗೀರಿ."

"ನಿನ್ನ ಮರಳಿಗಿಂತ ವಾಸಿ ಐತೆ ಸುಮ್ನಿರು" ಅಂದೆ. ಸೊಸೆಯ ಮುಖ ಬಾಡಿಹೋಗಿತ್ತು. ಹಾಳೆ ಇನ್ನೊಂದು ಚೀಲಕ್ಕಾಗುವಷ್ಟೇ ಉಳಿದಿತ್ತು.

ಆ ಕೊನೆಯ ಚೀಲವನ್ನು ಉಸಿರು ಬಿಗಿಹಿಡಿದು ಬೆಸೆದೆ. ಅವಸರ ಮಾಡಲಿಲ್ಲ, ಇಸ್ತ್ರಿಯನ್ನು ಇರುವೆ ನಡೆದ ಹಾಗೆ ನಡೆಸಿದೆ. ತುದಿ ಮುಟ್ಟಿದೆ. ಒದ್ದೆ ಬಟ್ಟೆ ಒತ್ತಿದೆ. ಮೂಲೆ ಆರಿತು. ಅಷ್ಟರಲ್ಲಿ ಸೊಸೆ ಚೀರಿದಳು.

"ಅತ್ತೀ! ಏನ್ ಮಾಡ್ತಿದೀರಿ?"

"ಏನ್ ಮಾಡ್ತಿದೀನಿ?"

"ಕೈ ನೋಡ್ಕೊಳ್ರಿ!"

ನೋಡಿಕೊಂಡೆ. ಬಲಗೈಯಲ್ಲಿ ಪಿನ್ನು ಇತ್ತು. ಬಳೆಗೆ ಸಿಕ್ಕಿಸಿಕೊಂಡಿರುವ ಪಿನ್ನು. ಚೀಲದ ಮೂಲೆಗೆ ಇನ್ನೇನು ಚುಚ್ಚಬೇಕು.

ಇದನ್ನು ಬಿಡಿಸಿ ಹೇಳಬೇಕು. ಮಂಡಕ್ಕಿ ಪಾಕೀಟಿನಲ್ಲಿ ಗಾಳಿ ಇರುತ್ತದೆ. ಹಾಗೇ ಮೂಟೆಗೆ ತುಂಬಿ ಬಸ್ಸಿನ ಮೇಲೆ ಹಾಕಿದರೆ ಒಂದರ ಮೇಲೊಂದು ಒತ್ತಿ ಪಟಪಟ ಒಡೆಯುತ್ತವೆ. ಅದಕ್ಕೆ ಸೀಲ್ ಹೊಡೆದ ಮೇಲೆ ಮೂಲೆಗೆ ಪಿನ್ನಿನಿಂದ ಒಂದು ಚುಚ್ಚು ಚುಚ್ಚುತ್ತೇವೆ. ಒತ್ತಿದಾಗ ಗಾಳಿ ಮೆಲ್ಲಗೆ ಹೋಗಲಿ ಅಂತ. ನಮ್ಮ ಓಣಿಯ ಹೆಂಗಸರೆಲ್ಲ ಮಾಡುವುದೇ. ಸೀಲ್ ಮುಗಿಯಿತು ಅಂದರೆ ಕೈ ತಾನಾಗಿ ಬಳೆಗೆ ಹೋಗುತ್ತದೆ. ಸಣ್ಣ ಚೀಲವನ್ನು ಸೊಸೆ ಬಿಸಿಯಲ್ಲೇ ಕಿತ್ತುಕೊಂಡಿದ್ದಳು, ಅದು ಬಚಾವಾಗಿತ್ತು. ದೊಡ್ಡ ಚೀಲಗಳಿಗೆಲ್ಲ ನಾನೇ ಬೆಸೆದು ನಾನೇ ತೂತು ಮಾಡಿದ್ದೆ!

ಸೊಸೆ ಓಡಿ ಹೋಗಿ ಮೊದಲಿನ ಚೀಲ ಊದಿಸಿ ಮೂಲೆಗೆ ಸೋಪಿನ ನೀರು ಬಳಿದಳು. ಗುಳುಗುಳು ಗುಳ್ಳೆ. ಎರಡನೆಯದಕ್ಕೂ ಅದೇ ಮೂಲೆ, ಅದೇ ಗುಳ್ಳೆ.

ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ನಕ್ಕಿದ್ದೇ ನಕ್ಕಿದ್ದು. ನೆಲಕ್ಕೆ ಕೂತು, ಹೊಟ್ಟೆ ಹಿಡಿದುಕೊಂಡು ನಕ್ಕೆವು. ಅವಳು ಮನೆಗೆ ಬಂದು ಇಷ್ಟು ವರ್ಷವಾದರೂ ನಾವಿಬ್ಬರೂ ಹಾಗೆ ನಕ್ಕಿದ್ದಿಲ್ಲ. ಮಗ ಬಂದು ಬಾಗಿಲಲ್ಲಿ ನಿಂತ.

"ಏನಾತು?"

"ನಿಮ್ಮವ್ವ ಮಂಡಕ್ಕಿ ಪ್ಯಾಕ್ ಮಾಡಿದ್ರು!" ಅಂದಳು. ನನ್ನ ಬಳೆಯಿಂದ ಪಿನ್ನೆಲ್ಲ ಬಿಚ್ಚಿ ತನ್ನ ಸೆರಗಿಗೆ ಸಿಕ್ಕಿಸಿಕೊಂಡಳು. "ಇವು ಕೆಲಸ ಮುಗಿಯೋತನಕ ನನ್ನತ್ರ ಇರ್ಲಿ."

ಕೊನೆಯ ಚೀಲ ಹಿಡಿಯಿತು. ಮೋಟಾರು ನಿಲ್ಲಿಸಿ, ಪೈಪು ಮಡಚಿ ಕಟ್ಟಿ, ಊಟ ಮಾಡಿ ಬಂದು ನೋಡಿದರೂ ಅಚ್ಚನ್ನು ಅಪ್ಪಿಕೊಂಡೇ ಕೂತಿತ್ತು. ಬರೀ ಪ್ಲೈವುಡ್ಡಿನ ತುಂಡು ಅಂಟಿಸಿ ಒಮ್ಮೆ ಪರೀಕ್ಷೆ ಮಾಡಿದಳು, ಅದೂ ಚೆನ್ನಾಗೇ ಬಂತು. ಇನ್ನು ಬೀಟೆ.

ಬೀಟೆ ಅಂಟಿಸಿದ ದಿನ ಬೆಳಿಗ್ಗೆಯಿಂದ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಹಾಳೆಗಳನ್ನು ಸೊಸೆ ಬೆಂಚಿನ ಮೇಲೆ ಹರಡಿದಾಗ ಶೆಡ್ಡಿನ ಬೆಳಕೇ ಬದಲಾದಂತಿತ್ತು. ಕಪ್ಪು, ಅದರೊಳಗೆ ಕೆಂಪು, ಹೊಳೆಯ ನೀರು ಸುಳಿದ ಹಾಗೆ ಗೆರೆ. ಗೆದ್ದಲು ಬಿಟ್ಟು ಉಳಿಸಿದ್ದು ಇಷ್ಟೇ. ಇದು ಕೆಟ್ಟರೆ ಮತ್ತೊಂದಿಲ್ಲ.

ಗಮ್ಮು ಹಚ್ಚಿದ ಮೇಲೆ ಯೋಚನೆ ಮಾಡುತ್ತಾ ನಿಲ್ಲುವ ಹಾಗಿಲ್ಲ, ಒಣಗಿಬಿಡುತ್ತದೆ. ಅವಳು ಪ್ಲೈವುಡ್ಡಿಗೆ ಬಳಿದಳು, ಪದರದ ಮೇಲೆ ಪದರ ಇಟ್ಟಳು, ಮೇಲೆ ಬೀಟೆ ಕೂರಿಸಿದಳು, ಬೆಣ್ಣೆಕಾಗದ ಹೊದಿಸಿದಳು. ಅದರ ಮೇಲೆ ಹಳೇ ಸೊಳ್ಳೆಪರದೆ.

"ಮರಕ್ಕೂ ಸೊಳ್ಳಿ ಕಡಿತಾವೇನೆ?"

"ಪ್ಲಾಸ್ಟಿಕ್ ಮರಕ್ಕೆ ಪೂರ್ತಿ ಮೆತ್ತಿಕೊಂಡ್ರೆ ನಡುವಿನ ಗಾಳಿ ಸಿಕ್ಕಾಕೊಳ್ತೈತೆ ಅತ್ತಿ. ಪರದೆ ಇದ್ರೆ ಕಣ್ಣಾಗಿಂದ ಹೊರಗೆ ಬರ್ತೈತೆ. ಮಾತಾಡ್ಬ್ಯಾಡ್ರಿ, ಹಿಡೀರಿ!"

ಹಿಡಿದೆ. ತೂರಿಸಿದೆವು. ಬಾಯಿ ಸುತ್ತಿದಳು, ಪೈಪು ಕಚ್ಚಿಸಿದಳು, ಮೋಟಾರು ಹಾಕಿದಳು. ಚೀಲ ನಡುವಿನಿಂದ ಬಿಗಿಯುತ್ತಾ ಅಂಚಿಗೆ ಹೋಯಿತು. ಮರ ಕಿರ್ರ್ ಅಂತು. ನೆಟ್ಟಗಿದ್ದ ಹಾಳೆ ಕಣ್ಣೆದುರೇ ಬಾಗಿ ಅಚ್ಚಿಗೆ ಕೂತುಬಿಟ್ಟಿತು. ಯಾರೂ ಒತ್ತಲಿಲ್ಲ, ಯಾರೂ ಮುಟ್ಟಲಿಲ್ಲ! ಮಗ ಹೊರಗೆ ಚಾ ಹಿಡಿದು ಕೂತಿದ್ದ, ಒಳಗೆ ಬರಲಿಲ್ಲ.

ಇನ್ನು ಸಂಜೆವರೆಗೆ ಹೀಗೇ ಇರಬೇಕು ಅಂದಳು. ಸರಿ ಅಂತ ನಾನು ಗೋಡೆಗೆ ಒರಗಿದೆ. ಮೋಟಾರು ಗುಂಯ್ ಅನ್ನುತ್ತಿತ್ತು. ಒಮ್ಮೆಗೇ ಸದ್ದು ನಿಂತಿತು.

ಕರೆಂಟು ಹೋಗಿತ್ತು.

"ಪೈಪು ಮಡಚ್ರಿ ಅತ್ತಿ!"

ಹಾರಿ ಪೈಪು ಮಡಚಿ ಎರಡೂ ಕೈಯಲ್ಲಿ ಹಿಚುಕಿ ಹಿಡಿದೆ. ಚೀಲ ಹಿಡಿದುಕೊಂಡೇ ಇತ್ತು. ಸೊಸೆ ಮೂಲೆಮೂಲೆಗೆ ಕಿವಿ ಇಟ್ಟಳು. ನನ್ನ ಬೆಸುಗೆ ಎಲ್ಲೂ ಬಿಟ್ಟಿರಲಿಲ್ಲ. ಆದರೆ ಬಾಯಿಯ ಹತ್ತಿರ, ಪೈಪು ಕಚ್ಚಿಸಿದ ಕಡೆ, ಸುಂಯ್ ಅಂತ ಸಣ್ಣ ಸದ್ದು. ಅಚ್ಚಿನ ತುದಿಯಲ್ಲಿ ಪ್ಲಾಸ್ಟಿಕ್ ಮೆಲ್ಲಗೆ ಮೆತ್ತಗಾಗುತ್ತಿತ್ತು.

"ನನ್ನ ಸೀಲಲ್ಲ, ನಿನ್ನ ಬಾಯಿ ಸೋರ್ತೈತೆ" ಅಂದೆ.

"ಆಮ್ಯಾಲೆ ಬೈರಿ" ಅಂದಳು. ಅಳು ಬಂದಿತ್ತು, ಅಳಲಿಲ್ಲ. ಬಾಯಿಯ ಮೇಲೆ ಮೈಭಾರ ಹಾಕಿ ಮಲಗಿಬಿಟ್ಟಳು.

ಸದ್ದು ನಿಂತದ್ದು ಕೇಳಿ ಮಗ ಬಂದು ನಿಂತಿದ್ದ. ಹೇಳಿದ್ದೆನಲ್ಲ ಅನ್ನುತ್ತಾನೆ ಅಂದುಕೊಂಡೆ. ಅನ್ನಲಿಲ್ಲ. ಚೀಲದ ಹತ್ತಿರ ಬಂದು ಬೆರಳಿಂದ ಒತ್ತಿದ. ಪ್ಲಾಸ್ಟಿಕ್ಕಿನ ಕೆಳಗೆ, ಪರದೆಯ ಕಣ್ಣುಗಳ ಕೆಳಗೆ ಬೀಟೆಯ ಗೆರೆ ಮಸುಕಾಗಿ ಕಾಣುತ್ತಿತ್ತು. ಅದನ್ನು ನೋಡಿದ. ಚಾ ಲೋಟ ನೆಲಕ್ಕಿಟ್ಟ.

"ಯವ್ವ, ಬಿಡಬ್ಯಾಡ, ಗಟ್ಟಿ ಹಿಡಿ" ಅಂದವನೇ ಸೈಕಲ್ ಪಂಪು ತಂದ. ಸರಸರ ಅದರ ತಲೆ ಬಿಚ್ಚಿದ, ಒಳಗಿನ ತೊಗಲಿನ ವಾಸರ್ ತಿರುಗಿಸಿ ಹಾಕಿದ. ಹಾಗೆ ಹಾಕಿದರೆ ಗಾಳಿ ತುಂಬುವ ಪಂಪು ಗಾಳಿ ಎಳೆಯುತ್ತದಂತೆ. ಮೋಟಾರಿನಿಂದ ಪೈಪು ಕಿತ್ತು ಪಂಪಿಗೆ ಸಿಕ್ಕಿಸಿ ಬಟ್ಟೆ ಸುತ್ತಿ ಬಿಗಿದ.

"ನಾನು ಎಳೆದಾಗ ಬಿಡು. ಒತ್ತಿದಾಗ ಹಿಚುಕು. ತಪ್ಪಿದ್ರೆ ಗಾಳಿ ಒಳಗೆ ಹೋಗ್ತೈತೆ."

"ಎಳಿ, ನನಗೇನು ಹೇಳ್ತೀಯ."

ಎಳೆದ. ಬಿಟ್ಟೆ. ಒತ್ತಿದ. ಹಿಚುಕಿದೆ. ಎಳೆ, ಬಿಡು. ಒತ್ತು, ಹಿಚುಕು. ಬೀಸುವ ಕಲ್ಲಿಗೆ ಎದುರುಬದುರು ಕೂತ ಹಾಗೆ ಕೈಗೆ ಕೈ ಕೂಡಿಬಂತು. ಸೊಸೆ ಬಾಯಿಯ ಮೇಲೆ ಮಲಗಿಕೊಂಡೇ ಚೀಲ ನೋಡುತ್ತಾ ಕೂಗುತ್ತಿದ್ದಳು. "ಬಂತು! ಬಿಗಿ ಬಂತು! ಇನ್ನೊಂಚೂರು ಎಳೀರಿ! ಈ ಕಡೆ ಬಂತು!" ತಗಡಿನ ಕೆಳಗೆ ಬಿಸಿಲು ಕಾದು ಮೂವರೂ ಬೆವರಲ್ಲಿ ತೊಯ್ದುಹೋದೆವು. ಮಗನಿಗೆ ಕೈ ಸೋತಾಗ ಸೊಸೆ ಎಳೆದಳು, ಅವನು ಬಾಯಿಯ ಮೇಲೆ ಹಲಗೆ ಬಿಗಿಯುವ ಕ್ಲಾಂಪು ಕಚ್ಚಿಸಿದ. ಒಂದಾದ ಮೇಲೊಂದು, ಶೆಡ್ಡಿನಲ್ಲಿದ್ದ ಕ್ಲಾಂಪೆಲ್ಲ ಅಲ್ಲಿಗೆ ಬಂದವು. ಸುಂಯ್ ಸದ್ದು ಸಣ್ಣದಾಯಿತು, ನಿಂತೇಹೋಯಿತು.

"ಮುಟ್ಟಲ್ಲ ಅಂದಿದ್ಯಲ್ಲೋ" ಅಂದೆ.

"ಬೀಟಿ ಕೆಡಾದು ನೋಡಾಕಾಗಲ್ಲ" ಅಂದ. ಅಷ್ಟೇ.

ಕರೆಂಟು ಬಂದಾಗ ನಾವು ಮೋಟಾರು ಹಾಕಿದೆವಾದರೂ ಅದಕ್ಕೆ ಹೆಚ್ಚು ಕೆಲಸ ಉಳಿದಿರಲಿಲ್ಲ.

ಬೆಳಿಗ್ಗೆ ಬಿಚ್ಚಿದೆವು. ಸೊಸೆ ಕ್ಲಾಂಪು ತೆಗೆದಳು, ಬಾಯಿ ಬಿಡಿಸಿದಳು. ಚೀಲ ಉಸ್ಸ್ ಅಂತ ಉಸಿರು ತಗೊಂಡಿತು. ಪರದೆ ಸುಲಿದಳು, ಕಾಗದ ಸುಲಿದಳು. ಬಾಗಿದ ಬೀಟೆ ಹೊರಗೆ ಬಂತು. ನೋಡಲು ಚೆಂದವಿತ್ತು. ಆದರೆ ಆ ಪೂರಿ ಬಾಗಿಲೂ ಮೊದಲ ದಿನ ಚೆಂದವೇ ಇತ್ತು. ಒಳಗೆ ಹಿಡಿದಿದೆಯೋ ಇಲ್ಲವೋ ಹೇಳುವುದು ಕಣ್ಣಲ್ಲ, ಸದ್ದು.

ಮಗ ಬಗ್ಗಿ ಬೆರಳ ಗೆಣ್ಣಿನಿಂದ ತಟ್ಟಿದ. ಟಕ್. ಇನ್ನೊಂದು ಕಡೆ. ಟಕ್. ನಡುವೆ, ಹೆಚ್ಚು ಬಾಗಿದ ಕಡೆ, ಕಿವಿ ಇಟ್ಟು ತಟ್ಟಿದ. ಟಕ್. ಸೊಸೆ ಅವನ ಬೆರಳನ್ನೇ ನೋಡುತ್ತಿದ್ದಳು, ರೆಪ್ಪೆ ಹೊಡೆಯಲಿಲ್ಲ. ಚೀಲದ ಬಾಯಿ ಇದ್ದ ಕಡೆಯ ತುದಿಗೆ ಬಂದ. ಡಬ್ ಅಂತು.

ಮತ್ತೆ ತಟ್ಟಿದ. ಡಬ್. ಟೊಳ್ಳು.

ಅವನು ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದ, ಅಳತೆಪಟ್ಟಿ ಇಟ್ಟ, ಉಯ್ಯಾಲೆಗೆ ಕೂರಬೇಕಾದ ಅಳತೆಗೆ ಗೆರೆ ಎಳೆದ. ಟೊಳ್ಳಿದ್ದದ್ದು ಗೆರೆಯ ಆಚೆ, ಕೊಯ್ದು ಬಿಸಾಡುವ ಅಂಚಿನಲ್ಲಿ. ಗೆರೆಯ ಈಚೆ ಉದ್ದಕ್ಕೂ ತಟ್ಟುತ್ತಾ ಹೋದ. ಟಕ್ ಟಕ್ ಟಕ್ ಟಕ್.

ಸೊಸೆ ಎರಡೂ ಕೈ ಮೇಲೆತ್ತಿ "ಅತ್ತೀ!" ಅಂತ ಕೂಗಿದಳು. ನಾನು "ಹೂಂ, ಕಿವುಡಿ ಅಲ್ಲ ನಾನು" ಅಂದೆ.

ಅಷ್ಟರಲ್ಲಿ ಮಗನ ಫೋನು ಬಡಿಯಿತು. ಸಾಹುಕಾರ್ತಿ. ಗಂಟಲು ದೊಡ್ಡದು, ನಮಗೂ ಕೇಳುತ್ತಿತ್ತು. "ಏನಪ್ಪ, ನನ್ನ ಪೆಟ್ಟಿಗಿ ಏನ್ಮಾಡಿದ್ರಿ? ಕೆಡಿಸಿದ್ರೋ ಉಳಿಸಿದ್ರೋ?"

"ಉಳಿದೈತ್ರಿ" ಅಂದ.

"ಹಂಗಾದ್ರೆ ಉಯ್ಯಾಲಿ ಮುಂದೆ ಕಾಲಿಡಾಕೆ ಒಂದು ಬಾಗಿದ ಮಣೆ ಬೇಕಿತ್ತು. ಅದನ್ನೂ ಮಾಡ್ತೀರೇನು?"

ಮಗ ಹೆಂಡತಿಯನ್ನು ನೋಡಿದ. "ಆ ಕೆಲಸ ನಂದಲ್ರಿ, ಆಕೀದು. ಆಕಿನ್ನೇ ಕೇಳ್ರಿ" ಅಂದು ಫೋನನ್ನು ಅವಳ ಕೈಗಿಟ್ಟ.

ಅವಳು ಫೋನು ಹಿಡಿದು ಹೊರಗೆ ಹೋದಳು. ಮಣೆ ಎಷ್ಟು ಅಗಲ, ಎಷ್ಟು ಬಾಗು ಅಂತ ವಿಚಾರಿಸುವುದು ಕೇಳಿಸುತ್ತಿತ್ತು. ಈ ಕಡೆ ಮಗ ಕಿಟಕಿಯ ಕೆಳಗಿನ ಬೆಂಚಿನಿಂದ ತನ್ನ ಉಳಿ, ಸುತ್ತಿಗೆ, ಮೊಳೆಯ ಡಬ್ಬಿಗಳನ್ನೆಲ್ಲ ಒಂದೊಂದಾಗಿ ಎತ್ತಿ ಆಚೆ ಬೆಂಚಿಗೆ ಒಯ್ದ. ಧೂಳು ಹೊಡೆದ. ನನ್ನ ಕಡೆ ನೋಡಲಿಲ್ಲ.

ಸೊಸೆ ಒಳಗೆ ಬಂದಳು. ಖಾಲಿ ಬೆಂಚು ನೋಡಿದಳು. ಹತ್ತಿರ ಹೋಗಿ ಮೇಲೆ ಕೈಯಿಟ್ಟು ಅಲ್ಲಾಡಿಸಿದಳು.

"ಇದರ ಕಾಲು ಸಡಿಲ ಐತಲ್ರಿ. ಅಲ್ಲಾಡ್ತೈತೆ."

"ಅಲ್ಲಾಡ್ತೈತೆ. ಸರಿ ಮಾಡ್ಕೊ" ಅಂದ ಮಗ. "ನಿಂದಲ್ಲೇನು?"

ಅವಳು ಸೆರಗು ಸೊಂಟಕ್ಕೆ ಸಿಕ್ಕಿಸಿ, ಬೆಂಚಿನ ಕೆಳಗೆ ಬಗ್ಗಿ, ಕಾಲಿಗೆ ಬಡಿಯಲು ಬೆಣೆ ಹುಡುಕತೊಡಗಿದಳು.